ಸಿದ್ಧ ಘಟಕ ತರುವ ಮೊದಲು ಬಿಡುವ ದಾರಿ ನೋಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ವೆಬ್ ಅಪ್ಲಿಕೇಶನ್ ಕಟ್ಟುವಾಗ ಬೇರೆಯವರು ಬರೆದಿಟ್ಟ ಲೈಬ್ರರಿ, ಫ್ರೇಮ್‌ವರ್ಕ್, ಪ್ಲಗಿನ್‌ಗಳನ್ನು ಯಾವಾಗ ತರಬೇಕು, ಯಾವುದನ್ನು ನಂಬಬೇಕು ಎಂಬುದೇ ಎಲ್ಲರ ಪ್ರಶ್ನೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಮತ್ತು ನನ್ನ ಗೆಳೆಯ ಸೇರಿ ಪತ್ತಿನ ಸಹಕಾರ ಸಂಘವೊಂದಕ್ಕೆ ವೆಬ್ ಅಪ್ಲಿಕೇಶನ್ ಮಾಡಿಕೊಡಲು ಒಪ್ಪಿಕೊಂಡಿದ್ದೇವೆ. ಸದಸ್ಯರ ಲಾಗಿನ್, ಠೇವಣಿ ಮತ್ತು ಸಾಲದ ಲೆಕ್ಕ, ಕನ್ನಡದಲ್ಲಿ ರಸೀದಿ ಇವು ಮುಖ್ಯ ಭಾಗಗಳು. ಎಲ್ಲವನ್ನೂ ನಾವೇ ಬರೆದರೆ ಹಿಡಿತ ನಮ್ಮ ಕೈಯಲ್ಲಿರುತ್ತದೆ ಎಂದು ಗೆಳೆಯ ಹೇಳುತ್ತಾನೆ. ಸಿದ್ಧ ಘಟಕಗಳನ್ನು ಜೋಡಿಸಿದರೆ ಮೂರು ತಿಂಗಳಲ್ಲಿ ಮುಗಿಯುತ್ತದೆ ಎಂಬುದು ನನ್ನ ವಾದ. ಯಾರು ಸರಿ? (ಹುಬ್ಬಳ್ಳಿ)

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ತಮ್ಮ ಮಾತನ್ನು ಇಡೀ ಅಪ್ಲಿಕೇಶನ್‌ಗೆ ಅನ್ವಯಿಸುತ್ತಿರುವುದರಿಂದ ತಕರಾರು ಬಗೆಹರಿಯುತ್ತಿಲ್ಲ. ಕೆಲಸವನ್ನು ಭಾಗ ಮಾಡಿ ನೋಡಿ. ಸಂಘದ ಬಡ್ಡಿ ಲೆಕ್ಕ, ಸುಸ್ತಿ ಬಡ್ಡಿ, ಷೇರಿನ ಲಾಭಾಂಶ, ಬೈಲಾದಲ್ಲಿರುವ ವಿನಾಯಿತಿಗಳು, ಇವು ಆ ಸಂಘಕ್ಕೆ ಮಾತ್ರ ಸೇರಿದವು. ಇವುಗಳನ್ನು ನೀವೇ ಬರೆಯಬೇಕು, ಯಾಕೆಂದರೆ ಆಡಳಿತ ಮಂಡಳಿ ನಾಳೆ ಒಂದು ನಿಯಮ ಬದಲಿಸಿದರೆ ಆ ಬದಲಾವಣೆಗೆ ಪರದೇಶದ ಯಾವುದೋ ಲೈಬ್ರರಿಯ ಒಪ್ಪಿಗೆ ಕಾಯುವಂತಾಗಬಾರದು. ಹಣವನ್ನು ದಶಮಾಂಶದಲ್ಲಿ ಇಡದೆ ಪೈಸೆಯ ಪೂರ್ಣಾಂಕದಲ್ಲಿ ಇಡಿ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಪಾಸ್‌ವರ್ಡ್ ಕಾಯುವುದು, ಲಾಗಿನ್ ಅವಧಿ ನಿರ್ವಹಿಸುವುದು, ಗೂಢಲಿಪಿ, ಇವುಗಳ ಸಂಗತಿ ಪೂರ್ತಿ ಬೇರೆ. ಬಡ್ಡಿ ತಪ್ಪಿದರೆ ಸದಸ್ಯ ಮರುದಿನವೇ ಕೌಂಟರಿಗೆ ಬಂದು ಕೇಳುತ್ತಾನೆ, ಆದರೆ ಪಾಸ್‌ವರ್ಡ್ ಇಡುವ ಕ್ರಮ ತಪ್ಪಿದ್ದರೆ ಕಳವಾಗುವ ತನಕ ಯಾರಿಗೂ ತಿಳಿಯುವುದಿಲ್ಲ. ತಪ್ಪು ತಾನಾಗಿ ಕಣ್ಣಿಗೆ ಬೀಳದ ಜಾಗದಲ್ಲಿ ಹಲವು ವರ್ಷ ಹಲವರು ಪರೀಕ್ಷಿಸಿದ ಘಟಕವನ್ನೇ ಬಳಸಬೇಕು. ಪಾಸ್‌ವರ್ಡನ್ನು ಮತ್ತೆ ಬಿಡಿಸಲಾಗದ ರೂಪಕ್ಕೆ ತಿರುಗಿಸಿಡುವ (ಹ್ಯಾಶಿಂಗ್) ಪದ್ಧತಿಗಳಲ್ಲಿ ಬಿಕ್ರಿಪ್ಟ್ 1999ರಿಂದ ಇದೆ, ಆರ್ಗಾನ್2 ಪದ್ಧತಿ 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯನ್ನು ಗೆದ್ದಿತು. ಎರಡರಲ್ಲಿ ಯಾವುದಾದರೂ ಸರಿಯೇ, ಆದರೆ ಅದರ ಮಿತಿಯನ್ನು ಓದಿಕೊಂಡು ಬಳಸಿ. ಬಿಕ್ರಿಪ್ಟ್‌ನ ಬಹುತೇಕ ರೂಪಗಳು ಪಾಸ್‌ವರ್ಡಿನ ಮೊದಲ 72 ಬೈಟ್‌ಗಳನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುತ್ತವೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಹಾಗಾಗಿ ಕನ್ನಡದಲ್ಲಿ ಉದ್ದನೆಯ ಪಾಸ್‌ವರ್ಡ್ ಕೊಡುವ ಸದಸ್ಯನಿಗೆ ಗುಣಿತ, ಹಲಂತ ಎಲ್ಲ ಸೇರಿ 24 ಸಂಕೇತಗಳಿಗೇ ಆ ಮಿತಿ ಮುಗಿದುಹೋಗುತ್ತದೆ.

ಇವೆರಡರ ನಡುವೆ ಸಣ್ಣಪುಟ್ಟ ಕೆಲಸಗಳ ದೊಡ್ಡ ಗುಂಪೊಂದಿದೆ, ನಿಜವಾದ ದುಂದು ನಡೆಯುವುದು ಅಲ್ಲಿ. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಎನ್‌ಪಿಎಂ ಭಂಡಾರದಿಂದ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡರು. ಬೇರೊಂದು ಪ್ಯಾಕೇಜಿನ ಹೆಸರಿನ ವಿಷಯದಲ್ಲಿ ಅವರಿಗೂ ಒಂದು ಕಂಪನಿಗೂ ಎದ್ದ ಜಗಳ ಅದಕ್ಕೆ ಕಾರಣ. ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸವಾಗಿದ್ದರೂ, ಬೇಬಲ್‌ನಂಥ ದೊಡ್ಡ ಉಪಕರಣಗಳು ಅದರ ಮೇಲೆ ನಿಂತಿದ್ದರಿಂದ ಜಗತ್ತಿನ ಎಷ್ಟೋ ಕಡೆ ಬಿಲ್ಡ್‌ಗಳು (ಕೋಡಿನಿಂದ ಅಪ್ಲಿಕೇಶನ್ ಸಿದ್ಧಪಡಿಸುವ ಕೆಲಸಗಳು) ಏಕಾಏಕಿ ನಿಂತುಹೋದವು. ಮರುವರ್ಷ ಅದೇ ಸೌಲಭ್ಯ ಜಾವಾಸ್ಕ್ರಿಪ್ಟ್ ಭಾಷೆಯೊಳಗೇ ಸೇರಿತು. ಲಕ್ಷ, ಕೋಟಿಗೆ ಅಲ್ಪವಿರಾಮ ಹಾಕಲು ಇಂದಿಗೂ ಕೆಲವರು ಪ್ಯಾಕೇಜ್ ಹುಡುಕುತ್ತಾರೆ. ಬ್ರೌಸರಿನಲ್ಲೇ ಇರುವ ಇಂಟ್ಲ್ ಸೌಲಭ್ಯಕ್ಕೆ ಭಾರತೀಯ ಇಂಗ್ಲಿಷ್ ಎಂಬ ಆಯ್ಕೆ ಕೊಟ್ಟರೆ 12,34,567 ಎಂದು ಅದೇ ಬರೆದುಕೊಡುತ್ತದೆ.

ಇನ್ನು ಫ್ರೇಮ್‌ವರ್ಕ್. ಅದು ಮನೆಯ ಪಾಯವಿದ್ದಂತೆ, ಆಮೇಲೆ ಬದಲಿಸುವುದೆಂದರೆ ಮನೆಯನ್ನೇ ಬಿಚ್ಚಿದಂತೆ. ಗೂಗಲ್ 2010ರಲ್ಲಿ ತಂದ ಆಂಗ್ಯುಲರ್‌ಜೆಎಸ್ ಅನ್ನು ನಂಬಿ ಅನೇಕರು ದೊಡ್ಡ ಅಪ್ಲಿಕೇಶನ್‌ಗಳನ್ನು ಕಟ್ಟಿದರು. 2016ರಲ್ಲಿ ಬಂದ ಹೊಸ ಆಂಗ್ಯುಲರ್ ಹಳೆಯದರ ಮುಂದುವರಿಕೆಯಾಗಿರದೆ ಬುಡದಿಂದ ಹೊಸದಾಗಿ ಬರೆದದ್ದಾಗಿತ್ತು, 2021ರ ಡಿಸೆಂಬರ್ 31ಕ್ಕೆ ಹಳೆಯದರ ಬೆಂಬಲವೂ ನಿಂತಿತು. ದೊಡ್ಡ ಕಂಪನಿಯ ಹೆಸರು ಇದ್ದ ಮಾತ್ರಕ್ಕೆ ಭರವಸೆ ಸಿಗುವುದಿಲ್ಲ ಎನ್ನಲು ಇದನ್ನು ಹೇಳಿದೆ. ಪೈಥಾನ್ ಭಾಷೆಯ ಜಾಂಗೊ ಫ್ರೇಮ್‌ವರ್ಕ್ 2005ರಿಂದ ನಡೆದುಬಂದಿದೆ, ಅದರ ದೀರ್ಘ ಬೆಂಬಲದ ಆವೃತ್ತಿಗಳಿಗೆ ಸುಮಾರು ಮೂರು ವರ್ಷ ಸುರಕ್ಷಾ ತಿದ್ದುಪಡಿಗಳು ಸಿಗುತ್ತವೆ, ಆ ದಿನಾಂಕಗಳನ್ನು ಮೊದಲೇ ಪ್ರಕಟಿಸುತ್ತಾರೆ. ನಿಮ್ಮಂಥ ಇಬ್ಬರ ತಂಡಕ್ಕೆ ಇಂಥ, ಹೊಸತನದ ಹೊಳಪಿಲ್ಲದ ಆದರೆ ದಿನಾಂಕ ಹೇಳಿ ನಡೆಯುವ ಪಾಯವೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಯಾವುದನ್ನು ತರುವಾಗಲೂ, ಇದನ್ನು ಬಿಡಬೇಕಾಗಿ ಬಂದರೆ ಎಷ್ಟು ಕಡತಗಳನ್ನು ಮುಟ್ಟಬೇಕು ಎಂದು ಮೊದಲು ಕೇಳಿಕೊಳ್ಳಿ. ಒಂದು ಎಂದಾದರೆ ಧೈರ್ಯವಾಗಿ ತನ್ನಿ. ಇನ್ನೂರು ಎಂದಾದರೆ ಒಂದು ವಾರ ಯೋಚಿಸಿ.

ಪ್ರಶ್ನೆ: ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಮೆಚ್ಚಿದವರು ಕೊಡುವ ನಕ್ಷತ್ರಗಳ ಸಂಖ್ಯೆ ಮತ್ತು ಡೌನ್‌ಲೋಡ್ ಸಂಖ್ಯೆ ನೋಡಿ ಲೈಬ್ರರಿ ಆರಿಸಬಹುದೇ? (ಮೈಸೂರು)

ಉತ್ತರ: ಅವು ಎಷ್ಟು ಜನ ನೋಡಿದ್ದಾರೆ, ಎಷ್ಟು ಯಂತ್ರಗಳು ಇಳಿಸಿಕೊಂಡಿವೆ ಎಂಬುದನ್ನು ಹೇಳುತ್ತವೆ. ಯಾರು ಕಾಯುತ್ತಿದ್ದಾರೆ ಎಂಬುದನ್ನು ಹೇಳುವುದಿಲ್ಲ. ಈವೆಂಟ್-ಸ್ಟ್ರೀಮ್ ಎಂಬ ಪ್ಯಾಕೇಜಿಗೆ ವಾರಕ್ಕೆ ಲಕ್ಷಗಟ್ಟಲೆ ಡೌನ್‌ಲೋಡ್‌ಗಳಿದ್ದವು. ಅದನ್ನು ಬರೆದವರು ತಾವೇ ಅದನ್ನು ಬಳಸುವುದು ಬಿಟ್ಟು ಬಹಳ ಕಾಲವಾಗಿದ್ದರಿಂದ, ಸಹಾಯ ಮಾಡುತ್ತೇನೆಂದು ಬಂದ ಅಪರಿಚಿತರೊಬ್ಬರಿಗೆ ಹೊಣೆ ಒಪ್ಪಿಸಿದರು. ಆ ಹೊಸಬರು ಮತ್ತೊಂದು ಸಣ್ಣ ಪ್ಯಾಕೇಜನ್ನು ಒಳಗೆ ಸೇರಿಸಿ, ಕೋಪೇ ಎಂಬ ಬಿಟ್‌ಕಾಯಿನ್ ವ್ಯಾಲೆಟಿನಿಂದ ಹಣ ಕದಿಯುವ ಸಾಲುಗಳನ್ನು ಅದರಲ್ಲಿ ಅಡಗಿಸಿಟ್ಟರು. 2018ರ ನವೆಂಬರಿನಲ್ಲಿ ಇದು ಬಯಲಿಗೆ ಬರುವ ತನಕ ಡೌನ್‌ಲೋಡ್ ಸಂಖ್ಯೆ ಎಂದಿನಂತೆಯೇ ಇತ್ತು.

ನಾನು ಮೊದಲು ತೆರೆಯುವುದು ದೂರುಗಳ ಪಟ್ಟಿಯನ್ನು. ದೂರುಗಳು ಹೆಚ್ಚಿವೆಯೆಂದರೆ ಅದು ಕೆಟ್ಟ ಲೈಬ್ರರಿ ಎಂದಲ್ಲ, ಬಳಕೆ ಹೆಚ್ಚಿದ್ದರೆ ದೂರೂ ಹೆಚ್ಚಿರುತ್ತದೆ. ಉತ್ತರಿಸುವವರು ಒಬ್ಬರೇ ಅಥವಾ ಮೂರು ನಾಲ್ಕು ಜನರೇ, ಉತ್ತರದಲ್ಲಿ ತಾಳ್ಮೆ ಇದೆಯೇ, ಸುರಕ್ಷತೆಯ ದೂರು ಬಂದಾಗ ತಿದ್ದಲು ಎಷ್ಟು ದಿನ ಹಿಡಿದರು ಎಂದು ನೋಡುತ್ತೇನೆ. ಆಮೇಲೆ ಬದಲಾವಣೆಗಳ ದಾಖಲೆ ಓದುತ್ತೇನೆ. ಹಳೆಯ ಬಳಕೆದಾರರ ಕೋಡ್ ಮುರಿಯುವ ಬದಲಾವಣೆ ಮಾಡುವಾಗ ಅವರು ದಾರಿ ತೋರಿಸಿ ಹೋಗಿದ್ದಾರೆಯೇ, ಅಥವಾ ನಡುನೀರಿನಲ್ಲಿ ಕೈಬಿಟ್ಟಿದ್ದಾರೆಯೇ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೂರನೆಯದಾಗಿ, ಆ ಘಟಕ ತನ್ನ ಬೆನ್ನಿಗೆ ಇನ್ನೆಷ್ಟು ಘಟಕಗಳನ್ನು ಕಟ್ಟಿಕೊಂಡು ಬರುತ್ತದೆ ಎಂದು ಎಣಿಸುತ್ತೇನೆ.

ಕೆಲಸ ನಿಲ್ಲಿಸುವುದರಲ್ಲೂ ಒಂದು ಘನತೆ ಇದೆ. ದಿನಾಂಕಗಳಿಗೆ ಹೆಸರಾದ ಮೊಮೆಂಟ್ ಲೈಬ್ರರಿಯವರು 2020ರ ಸೆಪ್ಟೆಂಬರಿನಲ್ಲಿ, ತಮ್ಮದು ಇನ್ನು ಮುಂದೆ ನಿರ್ವಹಣೆಯ ಹಂತದಲ್ಲಷ್ಟೇ ಇರುತ್ತದೆಂದೂ ಹೊಸ ಕೆಲಸಗಳಿಗೆ ಬೇರೆ ಲೈಬ್ರರಿಗಳನ್ನು ಆರಿಸಿಕೊಳ್ಳಬೇಕೆಂದೂ ತಾವೇ ಬರೆದು, ಆ ಬೇರೆ ಲೈಬ್ರರಿಗಳ ಹೆಸರುಗಳನ್ನೂ ಕೊಟ್ಟರು. ಹೀಗೆ ಹೇಳಿ ಹೋಗುವವರ ಮೇಲೆ ನನಗೆ ಬಹಳ ಗೌರವವಿದೆ.

ಪ್ರಶ್ನೆ: ಕನ್ನಡ ಪಠ್ಯವನ್ನು ಸರಿಯಾಗಿ ನಿಭಾಯಿಸುವ ಎಡಿಟರ್, ಪಿಡಿಎಫ್, ಹುಡುಕಾಟದ ಘಟಕಗಳನ್ನು ಗುರುತಿಸುವುದು ಹೇಗೆ? ಎಲ್ಲವೂ ಯೂನಿಕೋಡ್ ಬೆಂಬಲವಿದೆ ಎಂದೇ ಹೇಳಿಕೊಳ್ಳುತ್ತವೆ. (ಮಂಗಳೂರು)

ಉತ್ತರ: ಈ ಪ್ರಶ್ನೆಗೆ ನಾನು ಬಹಳ ದಿನದಿಂದ ಕಾಯುತ್ತಿದ್ದೆ. ಯೂನಿಕೋಡ್ ಬೆಂಬಲ ಎಂದರೆ ಅಕ್ಷರಗಳ ಸಂಕೇತಗಳನ್ನು ಕೆಡಿಸದೆ ಇಟ್ಟುಕೊಳ್ಳುತ್ತದೆ ಎಂದಷ್ಟೇ ಅರ್ಥ. ಒತ್ತಕ್ಷರವನ್ನು ಕೂಡಿಸಿ ಬರೆಯುವುದು ಬೇರೆಯೇ ಕೆಲಸ. ಬ್ರೌಸರ್ ಅದನ್ನು ಚೆನ್ನಾಗಿ ಮಾಡುತ್ತದೆ, ಆದರೆ ಪಿಡಿಎಫ್ ತಯಾರಿಸುವ ಹಲವು ಹಗುರ ಲೈಬ್ರರಿಗಳು ಮಾಡುವುದಿಲ್ಲ. ಕೆಲವು ವರ್ಷಗಳ ಹಿಂದೆ ನಾನೇ ಒಂದು ಸಂಸ್ಥೆಗೆ ರಸೀದಿ ಮುದ್ರಿಸುವ ವ್ಯವಸ್ಥೆ ಮಾಡುವಾಗ, ಇಂಗ್ಲಿಷ್ ಮಾದರಿಯಲ್ಲಿ ಪರೀಕ್ಷಿಸಿ ಇಂಥದೊಂದು ಲೈಬ್ರರಿಯನ್ನು ಒಪ್ಪಿಕೊಂಡೆ. ಮೊದಲ ದಿನವೇ ಸದಸ್ಯರ ಹೆಸರುಗಳಲ್ಲಿ ಒತ್ತುಗಳು ಕೆಳಗಿಳಿಯದೆ ಅಕ್ಷರದ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತವು. ತನ್ನ ಹೆಸರನ್ನೇ ಓದಲಾಗದ ರಸೀದಿಯನ್ನು ಹಿಡಿದು ನಿಂತ ಹಿರಿಯರೊಬ್ಬರ ಮುಖ ನನಗೆ ಇನ್ನೂ ನೆನಪಿದೆ. ಕೊನೆಗೆ ಸರ್ವರ್‌ನಲ್ಲಿ ಕ್ರೋಮ್ ಬ್ರೌಸರನ್ನೇ ಪರದೆಯಿಲ್ಲದೆ ಓಡಿಸಿ, ಪುಟವನ್ನು ಅದರಿಂದಲೇ ಪಿಡಿಎಫ್ ಮಾಡಿಸಿದೆ. ಅದಕ್ಕೆ ಮೆಮೊರಿ ಹೆಚ್ಚು ಬೇಕು, ಆದರೆ ಅಕ್ಷರ ಸರಿಯಾಗಿ ಬರುತ್ತದೆ.

ಅಂದಿನಿಂದ ಯಾವ ಘಟಕ ಬಂದರೂ ನಾಲ್ಕು ಪದಗಳನ್ನು ಅದರ ಬಾಯಿಗೆ ಹಾಕಿ ನೋಡುತ್ತೇನೆ: ಸ್ತ್ರೀ, ಸೂರ್ಯ, ಕೊಡೆ, ಸಾಫ್ಟ್‌ವೇರ್. ಮೊದಲನೆಯದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ ಅದರ ಉದ್ದ 6. ಇಷ್ಟೇ ಅಕ್ಷರ ಎಂದು ಎಣಿಸಿ ಶೀರ್ಷಿಕೆಯನ್ನು ಕತ್ತರಿಸುವ ಘಟಕ ಇಂಥ ಪದವನ್ನು ನಡುವೆ ಕಡಿದು, ಕೊನೆಯಲ್ಲಿ ಒಂಟಿ ಹಲಂತವನ್ನು ಬಿಟ್ಟುಹೋಗುತ್ತದೆ. ಎರಡನೆಯದರಲ್ಲಿ ಅರ್ಕಾವತ್ತು ಇದೆ. ಅಲ್ಲಿ ರಕಾರ ಮೊದಲು ದಾಖಲಾಗಿ, ಯಕಾರದ ನಂತರ ಕಾಣಿಸಿಕೊಳ್ಳಬೇಕು, ಪಿಡಿಎಫ್ ಲೈಬ್ರರಿಯ ಬಂಡವಾಳ ಅಲ್ಲಿ ಬಯಲಾಗುತ್ತದೆ. ಮೂರನೆಯದರ ಒಕಾರವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊಕಾರದ ಚಿಹ್ನೆಗಳೆಂದು ಎರಡಾಗಿಯೂ ದಾಖಲಿಸಲು ಬರುತ್ತದೆ. ಎರಡೂ ಪರದೆಯಲ್ಲಿ ಒಂದೇ ರೀತಿ ಕಾಣುತ್ತವೆ, ಆದರೆ ನಾರ್ಮಲೈಸ್ ಮಾಡದೆ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತರದೆ, ಹೋಲಿಸುವ ಹುಡುಕಾಟಕ್ಕೆ ಅವು ಬೇರೆ ಬೇರೆ ಪದಗಳು. ನಾಲ್ಕನೆಯದರಲ್ಲಿ ಟಕಾರದ ಹಲಂತದ ನಂತರ ಕಣ್ಣಿಗೆ ಕಾಣದ ಸಂಕೇತವೊಂದು ಕೂತಿರುತ್ತದೆ. ಸ್ವಚ್ಛ ಮಾಡುತ್ತೇನೆಂದು ಅದನ್ನು ಅಳಿಸಿಹಾಕುವ ಎಡಿಟರ್‌ಗಳಿವೆ, ಅಳಿಸಿದ ಕೂಡಲೇ ವಕಾರ ಟಕಾರಕ್ಕೆ ಒತ್ತಾಗಿ ಅಂಟಿಕೊಳ್ಳುತ್ತದೆ.

ಫಾರಂ ತಪಾಸಣೆಯ ಘಟಕಗಳನ್ನೂ ಬಿಡಬೇಡಿ. ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕೆಂಬ ನಿಯಮವನ್ನು ಎ ಇಂದ ಝಡ್‌ವರೆಗೆ ಎಂದು ಬರೆದಿದ್ದರೆ ಕನ್ನಡಕ್ಕೆ ಪ್ರವೇಶವೇ ಇಲ್ಲ. ಯೂನಿಕೋಡಿನ ಅಕ್ಷರ ವರ್ಗ ಎಂದಷ್ಟೇ ಬರೆದಿದ್ದರೂ ಸಾಲದು, ಯಾಕೆಂದರೆ ಗುಣಿತದ ಚಿಹ್ನೆಗಳು ಮತ್ತು ಹಲಂತ ಆ ವರ್ಗಕ್ಕೆ ಸೇರದೆ ಚಿಹ್ನೆಗಳ ವರ್ಗಕ್ಕೆ ಸೇರುತ್ತವೆ. ಶೀರ್ಷಿಕೆಯಿಂದ ಪುಟದ ವಿಳಾಸ ತಯಾರಿಸುವ ಕೆಲವು ಘಟಕಗಳಂತೂ ಕನ್ನಡವನ್ನು ಪೂರ್ತಿ ತೆಗೆದುಹಾಕಿ ಖಾಲಿ ವಿಳಾಸ ಕೊಡುತ್ತವೆ. ಇಂಥದ್ದು ಕಂಡರೆ ದಯವಿಟ್ಟು ಆ ಯೋಜನೆಯವರಿಗೆ ಉದಾಹರಣೆ ಸಮೇತ ಬರೆದು ತಿಳಿಸಿ. ಕನ್ನಡ ಬಲ್ಲವರು ತಿಳಿಸದಿದ್ದರೆ ಅವರಿಗೆ ಅದು ಗೊತ್ತಾಗುವ ಬಗೆಯೇ ಇಲ್ಲ.

ಪ್ರಶ್ನೆ: ಓಡುತ್ತಿರುವುದನ್ನು ಮುಟ್ಟಬೇಡಿ ಎಂದು ನಮ್ಮ ಗ್ರಾಹಕರು ಹೇಳುತ್ತಾರೆ. ಘಟಕಗಳ ಹೊಸ ಆವೃತ್ತಿ ಬಂದಾಗಲೆಲ್ಲ ಬದಲಿಸಲೇಬೇಕೇ? (ಬೆಂಗಳೂರು)

ಉತ್ತರ: ಅವರಿಗೆ ಅಮೆರಿಕದ ಸಾಲ-ಮಾಹಿತಿ ಸಂಸ್ಥೆ ಈಕ್ವಿಫ್ಯಾಕ್ಸ್‌ನ ಪ್ರಕರಣವನ್ನು ಹೇಳಿ. ಅಪಾಚೆ ಸ್ಟ್ರಟ್ಸ್ ಫ್ರೇಮ್‌ವರ್ಕಿನ ದೋಷಕ್ಕೆ 2017ರ ಮಾರ್ಚ್‌ನಲ್ಲೇ ತಿದ್ದುಪಡಿ ಬಂದಿತ್ತು. ಆ ಸಂಸ್ಥೆಯ ಒಂದು ವೆಬ್ ಅಪ್ಲಿಕೇಶನ್‌ಗೆ ಅದನ್ನು ಹಾಕದೆ ಉಳಿದಿದ್ದರಿಂದ ಮೇ ತಿಂಗಳಿನಿಂದ ಮಾಹಿತಿ ಸೋರಿಹೋಯಿತು, ಸುಮಾರು 14.7 ಕೋಟಿ ಜನರ ವೈಯಕ್ತಿಕ ವಿವರಗಳು ಕಳವಾದವು. ಆ ಅಪ್ಲಿಕೇಶನ್ ಕೂಡ ಓಡುತ್ತಲೇ ಇತ್ತು.

ಹಾಗೆಂದು ಬಂದದ್ದನ್ನೆಲ್ಲ ಬಂದ ಗಳಿಗೆಯಲ್ಲೇ ಹಾಕಿಕೊಳ್ಳುವುದೂ ತಪ್ಪು. 2025ರ ಸೆಪ್ಟೆಂಬರ್ 8ರಂದು ಚಾಕ್, ಡೀಬಗ್ ಮೊದಲಾದ ಅತಿ ಜನಪ್ರಿಯ ಪ್ಯಾಕೇಜುಗಳ ನಿರ್ವಾಹಕರೊಬ್ಬರು ಎನ್‌ಪಿಎಂ ಹೆಸರಿನಲ್ಲಿ ಬಂದ ನಕಲಿ ಮಿಂಚಂಚೆಗೆ ಮೋಸಹೋದರು. ಕಳ್ಳರು ಆ ಪ್ಯಾಕೇಜುಗಳ ವಿಷಪೂರಿತ ಆವೃತ್ತಿಗಳನ್ನು ಪ್ರಕಟಿಸಿದರು, ಕೆಲವೇ ಗಂಟೆಗಳಲ್ಲಿ ಅದು ಪತ್ತೆಯಾಯಿತು. ಆ ಗಂಟೆಗಳಲ್ಲಿ ಕಣ್ಣುಮುಚ್ಚಿ ಹೊಸ ಆವೃತ್ತಿ ಎಳೆದುಕೊಂಡವರು ಅಪಾಯಕ್ಕೆ ಸಿಲುಕಿದರು, ಒಂದು ದಿನ ಕಾದವರಿಗೆ ಏನೂ ಆಗಲಿಲ್ಲ. ಆದ್ದರಿಂದ ನಾನು ಪಾಲಿಸುವ ಕ್ರಮ ಹೀಗಿದೆ. ಸುರಕ್ಷತೆಯ ತಿದ್ದುಪಡಿ ಎಂದು ಅಧಿಕೃತ ಪ್ರಕಟಣೆ ಬಂದರೆ ಅದನ್ನು ಓದಿ ಅಂದೇ ಪರೀಕ್ಷಿಸಿ ಹಾಕುತ್ತೇನೆ. ಉಳಿದವನ್ನು ಕನಿಷ್ಠ ಒಂದು ವಾರ ತಡೆದು, ತಿಂಗಳಿಗೊಮ್ಮೆ ಒಟ್ಟಾಗಿ ನೋಡುತ್ತೇನೆ. ಪ್ರತಿ ಘಟಕದ ನಿಖರ ಆವೃತ್ತಿಯನ್ನು ದಾಖಲಿಸುವ ಲಾಕ್ ಕಡತವನ್ನು ಕೋಡಿನ ಜೊತೆಯಲ್ಲೇ ಉಳಿಸಿಕೊಂಡು, ಸರ್ವರ್‌ನಲ್ಲಿ ಅದರಲ್ಲಿರುವ ಆವೃತ್ತಿಗಳನ್ನೇ ಅನುಸ್ಥಾಪಿಸುತ್ತೇನೆ.

ಘಟಕಗಳ ಪಟ್ಟಿಯೊಂದನ್ನು ಗ್ರಾಹಕರಿಗೂ ಕೊಟ್ಟಿರಿ. 2021ರ ಡಿಸೆಂಬರಿನಲ್ಲಿ ಜಾವಾದಲ್ಲಿ ಲಾಗ್ ಬರೆಯುವ ಲಾಗ್4ಜೆ ಘಟಕದ ದೋಷ ಹೊರಬಂದಾಗ ಅನೇಕ ಸಂಸ್ಥೆಗಳಿಗೆ ಆ ಘಟಕ ತಮ್ಮಲ್ಲಿದೆಯೇ ಇಲ್ಲವೇ ಎಂಬುದೇ ತಿಳಿದಿರಲಿಲ್ಲ. ಅವರು ನೇರವಾಗಿ ತಂದ ಘಟಕದ ಒಳಗಿನ ಇನ್ನೊಂದರ ಒಳಗೆ ಅದು ಕೂತಿತ್ತು. ನಮ್ಮ ದೇಶದ ಸೈಬರ್ ಸುರಕ್ಷತೆಯ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು. ಪಟ್ಟಿಯೇ ಇಲ್ಲದವರಿಗೆ ಆ 6 ಗಂಟೆ ಹುಡುಕುವುದರಲ್ಲೇ ಕಳೆದುಹೋಗುತ್ತದೆ.

ಪ್ರಶ್ನೆ: ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುವ ಕೋಡನ್ನು ವ್ಯಾಪಾರದ ಅಪ್ಲಿಕೇಶನ್ನಿನಲ್ಲಿ ಬಳಸಿದರೆ ತೊಂದರೆ ಇದೆಯೇ? (ಶಿವಮೊಗ್ಗ)

ಉತ್ತರ: ಉಚಿತವಾಗಿ ಸಿಗುವುದು ಬೇರೆ, ಬಳಸಲು ಅನುಮತಿ ಇರುವುದು ಬೇರೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿನಲ್ಲೇ ಇಟ್ಟಿದೆ. ಆದ್ದರಿಂದ ಪರವಾನಗಿಯ ಕಡತವೇ ಇಲ್ಲದ ಕೋಡ್ ಎಷ್ಟು ಬಹಿರಂಗವಾಗಿ ಬಿದ್ದಿದ್ದರೂ ಅದು ಬರೆದವರ ಸ್ವತ್ತು, ಅದನ್ನು ಮುಟ್ಟಬೇಡಿ. ಎಂಐಟಿ, ಬಿಎಸ್‌ಡಿ, ಅಪಾಚೆ 2.0 ಪರವಾನಗಿಗಳು ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಳ್ಳುವಂಥ ಕೆಲವು ಷರತ್ತುಗಳನ್ನಷ್ಟೇ ಇಟ್ಟು ವ್ಯಾಪಾರಕ್ಕೂ ಅವಕಾಶ ಕೊಡುತ್ತವೆ. ಜಿಪಿಎಲ್ ಪರವಾನಗಿಯ ಕೋಡನ್ನು ನಿಮ್ಮ ಸರ್ವರ್‌ನಲ್ಲೇ ಓಡಿಸಿದರೆ ಮೂಲ ಕೋಡ್ ಕೊಡುವ ಬಾಧ್ಯತೆ ಬರುವುದಿಲ್ಲ, ಇನ್ನೊಬ್ಬರಿಗೆ ಹಂಚಿದಾಗ ಬರುತ್ತದೆ. ಗ್ರಾಹಕರ ಸರ್ವರ್‌ಗೆ ತಂತ್ರಾಂಶವನ್ನು ಒಪ್ಪಿಸುವುದೂ, ಬ್ರೌಸರಿಗೆ ಕಳಿಸುವ ಜಾವಾಸ್ಕ್ರಿಪ್ಟೂ ಹಂಚಿಕೆಯೇ ಎಂದು ಭಾವಿಸಿ ನಡೆಯುವುದು ಕ್ಷೇಮ. ಎಜಿಪಿಎಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀವು ಮಾರ್ಪಡಿಸಿದ ರೂಪವನ್ನು ಜಾಲದ ಮೂಲಕ ಬಳಸುವವರಿಗೂ ಅದರ ಮೂಲ ಕೋಡ್ ಸಿಗಬೇಕೆನ್ನುತ್ತದೆ.

ಪರವಾನಗಿ ನಡುವೆ ಬದಲಾಗುವುದೂ ಉಂಟು. 2021ರಲ್ಲಿ ಹುಡುಕಾಟದ ತಂತ್ರಾಂಶ ಇಲಾಸ್ಟಿಕ್‌ಸರ್ಚ್, 2024ರ ಮಾರ್ಚ್‌ನಲ್ಲಿ ಡೇಟಾಬೇಸ್ ತಂತ್ರಾಂಶ ರೆಡಿಸ್ ತಮ್ಮ ಮುಂದಿನ ಆವೃತ್ತಿಗಳ ಪರವಾನಗಿಯನ್ನು ಬಿಗಿಗೊಳಿಸಿದವು. ಅವುಗಳ ಹಳೆಯ ಕೋಡಿನಿಂದಲೇ ಓಪನ್‌ಸರ್ಚ್ ಮತ್ತು ವಾಲ್ಕಿ ಎಂಬ ಕವಲುಗಳು ಹುಟ್ಟಿಕೊಂಡವು. ಮುಕ್ತ ಪರವಾನಗಿಯ ದೊಡ್ಡ ಬಲ ಇದೇ: ಒಡೆಯರು ಮನಸ್ಸು ಬದಲಿಸಿದರೂ ಬಳಕೆದಾರರಿಗೆ ಒಂದು ಬಾಗಿಲು ತೆರೆದೇ ಇರುತ್ತದೆ.

ಪ್ರಶ್ನೆ: ಲೈಬ್ರರಿಯನ್ನು ಹೊರಗಿನ ಕೊಂಡಿಯಿಂದ ನೇರವಾಗಿ ಪುಟಕ್ಕೆ ಸೇರಿಸುವುದು ಸರಿಯೇ? (ಕಲಬುರಗಿ)

ಉತ್ತರ: ಬೇಡ, ನಿಮ್ಮ ಸರ್ವರ್‌ನಲ್ಲೇ ಇಟ್ಟುಕೊಳ್ಳಿ. ಹಳೆಯ ಬ್ರೌಸರುಗಳಿಗೆ ಹೊಸ ಸೌಲಭ್ಯ ತುಂಬುವ ಸ್ಕ್ರಿಪ್ಟ್ ಒದಗಿಸುತ್ತಿದ್ದ ಪಾಲಿಫಿಲ್ ಡಾಟ್ ಐಓ ಎಂಬ ಹೆಸರಾಂತ ವಿಳಾಸ 2024ರಲ್ಲಿ ಹೊಸ ಒಡೆಯರ ಕೈಗೆ ಹೋಯಿತು. ಆ ವರ್ಷದ ಜೂನ್ ಹೊತ್ತಿಗೆ ಅದೇ ಕೊಂಡಿಯಿಂದ ದುರುದ್ದೇಶದ ಸ್ಕ್ರಿಪ್ಟ್ ಹರಿಯುತ್ತಿರುವುದು ಪತ್ತೆಯಾದಾಗ, ಒಂದು ಲಕ್ಷಕ್ಕೂ ಹೆಚ್ಚು ಜಾಲತಾಣಗಳು ಅದನ್ನು ಬಳಸುತ್ತಿದ್ದವು.

ಪ್ರಶ್ನೆ: ಕೃತಕ ಬುದ್ಧಿಮತ್ತೆಯ ಸಹಾಯಕ ಸೂಚಿಸಿದ ಪ್ಯಾಕೇಜುಗಳನ್ನು ನಂಬಬಹುದೇ? (ದಾವಣಗೆರೆ)

ಉತ್ತರ: ಹೆಸರನ್ನು ಸುಳಿವೆಂದು ತೆಗೆದುಕೊಳ್ಳಿ, ಅನುಸ್ಥಾಪನೆಯ ಆದೇಶವನ್ನು ಹಾಗೇ ಅಂಟಿಸಬೇಡಿ. ಅವು ಕೆಲವೊಮ್ಮೆ ಇಲ್ಲದ ಪ್ಯಾಕೇಜಿನ ಹೆಸರನ್ನೂ ಹೇಳುತ್ತವೆ, ಆ ಹೆಸರಿನಲ್ಲಿ ಬೇರೆ ಯಾರಾದರೂ ಬಲೆ ಹಾಕಿಟ್ಟಿರಬಹುದು. ಮನುಷ್ಯರ ಬೆರಳು ತಪ್ಪುವುದನ್ನೇ ಕಾದವರೂ ಇದ್ದಾರೆ: 2017ರಲ್ಲಿ ಕ್ರಾಸ್-ಎನ್ವ್ ಎಂಬ ಪ್ಯಾಕೇಜಿನ ಹೆಸರಿನಿಂದ ನಡುವಿನ ಗೆರೆಯೊಂದನ್ನು ತೆಗೆದು ಮಾಡಿದ ನಕಲಿ, ಅದನ್ನು ಹಾಕಿಕೊಂಡವರ ಗುಪ್ತ ಕೀಲಿಗಳನ್ನು ಕದಿಯುತ್ತಿತ್ತು. ಯೋಜನೆಯ ಅಧಿಕೃತ ಪುಟಕ್ಕೆ ಹೋಗಿ ಹೆಸರನ್ನು ಅಲ್ಲಿಂದ ನಕಲಿಸಿಕೊಳ್ಳಿ.

ಪ್ರಶ್ನೆ: ನಮ್ಮ ಶಾಲೆಗಳ ಸುತ್ತೋಲೆ ಬರೆಯುವ ಅಪ್ಲಿಕೇಶನ್ನಿನಲ್ಲಿ ಸಿಕೆಎಡಿಟರ್ 4 ಎಂಬ ಪಠ್ಯ ಎಡಿಟರ್ ಇದೆ. ಅದರ ಉಚಿತ ಬೆಂಬಲ ಮುಗಿದಿದೆಯಂತೆ. ಹೊರಬರುವುದು ಹೇಗೆ? (ತುಮಕೂರು)

ಉತ್ತರ: ಹೌದು, 2023ರ ಜೂನ್‌ನಲ್ಲಿ ಮುಗಿಯಿತು. ಐದನೆಯ ಆವೃತ್ತಿ ಪೂರ್ತಿ ಹೊಸ ರಚನೆ. ಅದು ಜಿಪಿಎಲ್ ಅಥವಾ ಹಣ ಕೊಡುವ ಪರವಾನಗಿಯಲ್ಲಿ ಸಿಗುವುದರಿಂದ ಮೇಲಿನ ಪರವಾನಗಿಯ ಉತ್ತರವನ್ನು ಒಮ್ಮೆ ಓದಿಕೊಳ್ಳಿ. ನಿಮ್ಮ ಸುತ್ತೋಲೆಗಳು ಡೇಟಾಬೇಸಿನಲ್ಲಿ ಎಚ್‌ಟಿಎಂಎಲ್ ರೂಪದಲ್ಲೇ ಇರುವುದು ನಿಮ್ಮ ಅದೃಷ್ಟ. ಎಡಿಟರಿನ ಸ್ವಂತ ರೂಪದಲ್ಲಿ ದಾಖಲಾಗಿದ್ದರೆ ಪ್ರತಿಯೊಂದನ್ನೂ ಪರಿವರ್ತಿಸಬೇಕಾಗುತ್ತಿತ್ತು.

ಮೊದಲು ಎಡಿಟರನ್ನು ಕರೆಯುವ ಎಲ್ಲ ಜಾಗಗಳನ್ನು ಹುಡುಕಿ, ಅವು ನಿಮ್ಮದೇ ಒಂದು ಸಣ್ಣ ಕಡತದ ಮೂಲಕ ಹಾದುಹೋಗುವಂತೆ ಮಾಡಿ. ಪಠ್ಯ ತುಂಬು, ಪಠ್ಯ ತೆಗೆ, ಬದಲಾದಾಗ ತಿಳಿಸು, ಈ ಮೂರು ಕೆಲಸಗಳಷ್ಟೇ ಆ ಕಡತದಲ್ಲಿ ಇರಲಿ. ಹಳೆಯ ಎಡಿಟರ್ ಇರುವಾಗಲೇ ಇದನ್ನು ಮುಗಿಸಿ ಕೆಲವು ದಿನ ಓಡಿಸಿ. ಆಮೇಲೆ ಆ ಕಡತದ ಒಳಗೆ ಮಾತ್ರ ಹೊಸ ಎಡಿಟರನ್ನು ಕೂರಿಸಿ, ಒಂದು ಶಾಲೆಗೆ ಮೊದಲು ಕೊಡಿ. ಹೊಸ ಎಡಿಟರ್‌ಗಳು ತಮಗೆ ಗೊತ್ತಿಲ್ಲದ ಟ್ಯಾಗ್‌ಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತವೆ. ಆದ್ದರಿಂದ ಅತ್ಯಂತ ಹಳೆಯ ಸುತ್ತೋಲೆಗಳಲ್ಲಿ ಒಂದು ನೂರನ್ನು ಹೊಸದರಲ್ಲಿ ತೆರೆದು, ಏನೂ ತಿದ್ದದೆ ಉಳಿಸಿ, ಮೊದಲಿನ ಪಠ್ಯದೊಂದಿಗೆ ಹೋಲಿಸಿ ನೋಡಿ. ವರ್ಡ್‌ನಿಂದ ಅಂಟಿಸಿದ ಕೋಷ್ಟಕಗಳು ಮತ್ತು ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಬರೆದ ಸಾಲುಗಳು ಇರುವ ಸುತ್ತೋಲೆಗಳನ್ನು ಆ ನೂರರಲ್ಲಿ ತಪ್ಪದೆ ಸೇರಿಸಿಕೊಳ್ಳಿ. ಹಳೆಯ ಫಾಂಟಿನ ಹೆಸರು ಹೇಳುವ ಟ್ಯಾಗ್ ಕಳೆದುಹೋದರೆ ಆ ಸಾಲುಗಳು ಓದಲಾಗದ ಇಂಗ್ಲಿಷ್ ಅಕ್ಷರಗಳಾಗಿ ಉಳಿಯುತ್ತವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿದ ನಂತರವೇ ಹೊಸ ಎಡಿಟರಿಗೆ ಕೊಡಬೇಕು.